ಅನಧಿಕೃತ ಮೇಷ್ಟ್ರು

ನಮ್ಮ ಗೋಪಿನಾಥ ಮೇಷ್ಟ್ರನ್ನು ವೇದಿಕೆಗೆ ಕರೆಯುವುದು ಎರಡೇ ಕಾರಣಕ್ಕೆ. ಸಭೆ ಶುರುವಾಗುವಾಗ ಪ್ರಾರ್ಥನೆ, ಮುಗಿಯುವಾಗ ವಂದನಾರ್ಪಣೆ. ನಡುವೆ ನಡೆಯುವುದೆಲ್ಲ ಗಣಿತ, ವಿಜ್ಞಾನ, ಇಂಗ್ಲಿಷಿನವರ ಪಾಲು. ಸಭೆಯಲ್ಲಿ ಕನ್ನಡ ಮೇಷ್ಟ್ರೆಂದರೆ ಬಾಳೆಲೆಯ ತುದಿಯ ಉಪ್ಪಿದ್ದ ಹಾಗೆ. ಇರಲೇಬೇಕು, ಆದರೆ ಯಾರೂ ಅದನ್ನು ಉಣ್ಣಲು ಬಂದಿರುವುದಿಲ್ಲ.

ವಂದನಾರ್ಪಣೆಯಲ್ಲಿ ಮಾತ್ರ ಅವರನ್ನು ಮೀರಿಸುವವರು ಕೊಡಗಿನಲ್ಲಿ ಇರಲಿಲ್ಲ. ಅಧ್ಯಕ್ಷರಿಂದ ಹಿಡಿದು ಮೈಕಿನವರು, ಕುರ್ಚಿ ಜೋಡಿಸಿದವರು, ತಡವಾಗಿಯಾದರೂ ಬಂದವರು, ಬರಲಾಗದೆ ಮನೆಯಲ್ಲೇ ಕುಳಿತು ಹಾರೈಸಿದವರು, ಹೀಗೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ಬಿಟ್ಟುಹೋಗುತ್ತಿದ್ದವರು ಒಬ್ಬರೇ, ಅದು ಅವರೇ. ವಂದನೆ ಹೇಳುವವನಿಗೆ ವಂದನೆ ಹೇಳುವ ಪದ್ಧತಿ ನಮ್ಮ ಇಲಾಖೆಯಲ್ಲಿ ಇಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಗಾಳಿಬೀಡಿನ ಪ್ರೌಢಶಾಲೆಯಲ್ಲಿ ಅವರು ಕನ್ನಡ ಪಾಠ ಮಾಡುತ್ತಾರೆ, ನಾನು ಇಂಗ್ಲಿಷ್. ಸಾಲದ್ದಕ್ಕೆ ಮಡಿಕೇರಿಯಲ್ಲಿ ಅವರ ಮನೆಯ ಮಹಡಿಯಲ್ಲೇ ನಾನು ಬಾಡಿಗೆಗಿದ್ದೇನೆ. ಕೆಳಗಿನ ಮನೆಯಲ್ಲಿ ಒಗ್ಗರಣೆ ಸಿಡಿದರೆ ಸಾಸಿವೆಯೋ ಜೀರಿಗೆಯೋ ಎಂದು ಮೇಲಿನಿಂದಲೇ ಹೇಳಬಲ್ಲೆ.

ಪ್ರಕರಣ ಆರಂಭವಾದದ್ದು ಸ್ಟಾಫ್ ರೂಮಿನಲ್ಲಿ, ಟೀ ಹೊತ್ತಿಗೆ. ನಮ್ಮ ಹೆಡ್‌ಮಿಸ್ಟ್ರೆಸ್ ಚನ್ನಬಸಮ್ಮ ಬಾಗಲಕೋಟೆ ಕಡೆಯವರು. ಇಲಾಖೆಯ ಸುತ್ತೋಲೆ ಹಿಡಿದು ಬಂದರು.

"ಎಐ ಬಗ್ಗೆ ತರಬೇತಿ ಐತಂತ್ರಿ. ಸಾಲಿಗೊಬ್ರ ಹೆಸರು ಕಳಸ್ರಿ ಅಂತ ಬರದಾರ. ಯಾರಿಗೆ ಗೊತ್ತೈತ್ರಿ ಅದು?"

ಎಲ್ಲರಿಗೂ ಗೊತ್ತಿತ್ತು. ಪಾಠಯೋಜನೆಯನ್ನೆಲ್ಲ ಫೋನಿನ ಎಐಯಿಂದಲೇ ಬರೆಸುತ್ತಿದ್ದೆವು. ಆದರೆ ಹೌದೆಂದರೆ ಶನಿವಾರ ಹಾಳು, ಆದ್ದರಿಂದ ಎಲ್ಲರೂ ಟೀ ಲೋಟದೊಳಗೆ ನೋಡಿದೆವು. ಗೋಪಿನಾಥ ಮೇಷ್ಟ್ರು ಮಾತ್ರ ಗಂಟಲು ಸರಿಮಾಡಿಕೊಂಡರು.

"ಫೋನಿನಲ್ಲಿ ಆಡುವುದು ಮಕ್ಕಳಾಟ ಮೇಡಂ. ಬಲ್ಲವರು ಅದನ್ನು ಕಮಾಂಡ್ ಲೈನಿನಲ್ಲಿ ಮಾತಾಡಿಸುತ್ತಾರೆ. ಬಟನ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ನಮ್ಮ ಕರಿಹಲಗೆಯೇ ಅಂತ ಇಟ್ಟುಕೊಳ್ಳಿ. ನಾವು ಒಂದು ಸಾಲು ಬರೆದರೆ ಅದು ಹತ್ತು ಸಾಲು ಬರೆಯುತ್ತದೆ."

ಈ ಜ್ಞಾನ ಅವರಿಗೆ ಒದಗಿದ್ದು ಹಿಂದಿನ ಭಾನುವಾರ ಮೈಸೂರಿನಲ್ಲಿ. ಅವರ ಭಾವಮೈದುನ ಆದಿತ್ಯ ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಅವನ ಬೆನ್ನ ಹಿಂದೆ ನಿಂತು, ಒಂದು ಕಾಫಿ ಮುಗಿಯುವಷ್ಟು ಹೊತ್ತು ಇವರು ಆ ಕಪ್ಪು ಪರದೆಯನ್ನು ನೋಡಿದ್ದರು. ಚನ್ನಬಸಮ್ಮ ಇದನ್ನು ವಿಚಾರಿಸಲಿಲ್ಲ. ಹೆಸರು ಬರೆದು ಕಳಿಸಿಯೇಬಿಟ್ಟರು.

ಬೇರೆ ಶಾಲೆಯವರು ಕಲಿಯುವವರ ಹೆಸರು ಕಳಿಸಿದ್ದರು, "ಬಲ್ಲವರು" ಎಂದು ಕಳಿಸಿದ್ದು ನಮ್ಮ ಶಾಲೆ ಒಂದೇ. ಹಾಗಾಗಿ ಆದೇಶ ಬಂದಾಗ ಅದರಲ್ಲಿ ಹೀಗಿತ್ತು: ಶನಿವಾರ, ಪೊನ್ನಂಪೇಟೆ, ಎಐ ಉಪಕರಣದ ಪ್ರಾತ್ಯಕ್ಷಿಕೆ, ಸಂಪನ್ಮೂಲ ವ್ಯಕ್ತಿ ಗೋಪಿನಾಥ. ಪ್ರಾರ್ಥನೆಯ ಮುಂದೆ ಬೇರೆ ಯಾರದೋ ಹೆಸರಿತ್ತು. ಮೇಷ್ಟ್ರು ಆ ಹಾಳೆಯನ್ನು ದೇವರ ಮುಂದಿಟ್ಟು, ಆಮೇಲೆ ಶರ್ಟಿನ ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಒಮ್ಮೆ ಹೊರಗೆ ತೆಗೆದು, "ನಡುವಿನ ಐಟಂ ನನ್ನದು ಮೇಡಂ" ಎಂದು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. ಅವರ ಮುಖ ನೋಡಿ ನನಗೂ ಖುಷಿಯಾಯಿತು.

ಅವತ್ತು ಸಂಜೆಯೇ ಮನೆಯಲ್ಲಿ ತಾಲೀಮು. ಆದಿತ್ಯ ಫೋನಿನಲ್ಲಿ ಹೇಳುತ್ತಾ ಹೋದ, ಇವರು ಲ್ಯಾಪ್‌ಟಾಪಿನಲ್ಲಿ ಮಾಡುತ್ತಾ ಹೋದರು.

"ಭಾವ, ಈಗ ಎಪಿಐ ಕೀ ಬೇಕು. ಕಂಪನಿಯವರು ಅವರ ವೆಬ್‌ಸೈಟಿನಲ್ಲಿ ಕೊಡ್ತಾರೆ, ಒಂದು ಉದ್ದದ ಗುಟ್ಟಿನ ಅಕ್ಷರಮಾಲೆ. ಅದು ನೋಡಿಯೇ ಮಿಷನ್ನಿಗೆ ನೀವು ಯಾರು ಅಂತ ಗೊತ್ತಾಗೋದು. ಹೊಸ ಫೈಲು ತೆಗೆದು ಅದರಲ್ಲಿ ಕೀ ಅಂಟಿಸಿ. ಫೈಲು ಎಲ್ಲಿದೆ ಅಂತ ಉಪಕರಣಕ್ಕೆ ಹೇಳಿ. ಅದೇ ಹೋಗಿ ಓದ್ಕೊಳ್ತದೆ."

ಮೇಷ್ಟ್ರು ಕೀ ಪಡೆದರು. ಹೊಸ ಫೈಲು ತೆರೆದರು. ಮೇಲೆ ನಡುಮಧ್ಯೆ ಶ್ರೀ ಎಂದು ಬರೆದು, ಒಂದು ಸಾಲು ಬಿಟ್ಟು, ಕೀ ಅಂಟಿಸಿದರು. ಪೂರ್ವಕ್ಕೆ ತಿರುಗಿ ಕುಳಿತು ಎಂಟರ್ ಒತ್ತಿದರು. ಕಪ್ಪು ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಎರರ್ 401. ಅನ್‌ಆಥರೈಸ್ಡ್. ಇನ್‌ವ್ಯಾಲಿಡ್ ಎಪಿಐ ಕೀ.

ಇಂಗ್ಲಿಷ್ ಕಂಡರೆ ಕನ್ನಡಕ್ಕೆ ತರದೆ ಬಿಡುವ ಜೀವ ಅದಲ್ಲ.

"ಅನಧಿಕೃತ" ಎಂದರು ಹೆಂಡತಿಯತ್ತ ತಿರುಗಿ. "ತುಂಗಾ, ನನ್ನನ್ನು ಅನಧಿಕೃತ ಅಂತಿದೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ಬಂದವನು ನಾನು. ಚುನಾವಣೆಯಲ್ಲಿ ಮತಗಟ್ಟೆ ಅಧಿಕಾರಿ ಆಗಿದ್ದವನು."

"ಅದಕ್ಕೆ ಓಟು ಹಾಕಿಸಲಿಕ್ಕೆ ಬಂದಿಲ್ವಲ್ಲ ನೀವು" ಎಂದರು ತುಂಗಕ್ಕ, ಹುರುಳಿಕಾಯಿ ನಾರು ತೆಗೆಯುತ್ತಾ. "ಗುರುತಿಲ್ಲದವರು ಬಾಗಿಲಿಗೆ ಬಂದ್ರೆ ನಾವೂ ಯಾರು ಅಂತ ಕೇಳ್ತೇವೆ. ನಮ್ಮ ಆದಿತ್ಯನನ್ನೇ ಕೇಳಿ."

ಆದಿತ್ಯ ಅಂದ, "ಒಂದಕ್ಷರ ಆಚೀಚೆ ಆದ್ರೂ ಅದು ಒಪ್ಪಲ್ಲ ಭಾವ. ನಿಧಾನವಾಗಿ ಓದಿ, ನಾನು ನೋಡ್ತೇನೆ."

ನಮ್ಮ ಓಣಿಯಲ್ಲಿ ಫೋನಿನ ಮಾತು ಸರಿಯಾಗಿ ಕೇಳಬೇಕಾದರೆ ಗೇಟಿನ ಹತ್ತಿರ ನಿಲ್ಲಬೇಕು. ಮೇಷ್ಟ್ರು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಅಲ್ಲಿ ನಿಂತು ಕೀಯನ್ನು ಓದತೊಡಗಿದರು. ಅದೂ ಉಕ್ತಲೇಖನ ಕೊಡುವ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವ ಹಾಗೆ. "ದೊಡ್ಡ ಝಡ್. ಚಿಕ್ಕ ಕ್ಯೂ. ಏಳು. ಮತ್ತೊಮ್ಮೆ ಹೇಳುತ್ತೇನೆ, ಏಳು."

ಪಕ್ಕದ ಮನೆಯ ದೇವರಾಜು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಕುಶಾಲನಗರದ ಕಡೆಯಿಂದ ಬಂದು ಇಲ್ಲಿ ಮನೆ ಕಟ್ಟಿದವರು. ಸೇವೆಯ ಕೊನೆಯಲ್ಲಿ ಸೈಬರ್ ಮೋಸದ ಬಗ್ಗೆ ಊರೂರು ಭಾಷಣ ಮಾಡಿದವರು. ಭಾಷಣ ಮಾಡಿದ್ದೇ ಬಂತು, ಮೋಸ ಹೋಗುವವರನ್ನು ಕಣ್ಣಾರೆ ಕಂಡಿರಲಿಲ್ಲ. ಈಗ ಕಂಡರು. ಬೇಲಿ ದಾಟಿ ಬಂದು ಮೇಷ್ಟ್ರ ಕೈಯಿಂದ ಫೋನು ಕಿತ್ತುಕೊಂಡರು.

"ಯಾವನ್ಲಾ ನೀನು? ಎಲ್ಲಿಂದ ಮಾತಾಡ್ತಿದೀಯ?"

"ಮೈಸೂರಿಂದ ಸಾರ್. ಆದಿತ್ಯ ಅಂತ."

"ಮೇಷ್ಟ್ರಿಗೆ ನೀನೇನಾಗ್ಬೇಕು?"

"ಭಾವಮೈದ ಸಾರ್."

"ಈಗ ನೆಂಟಸ್ತಿಕೆ ಬೇರೆ ಸುರು ಮಾಡ್ಕಂಡ್ರಾ ನೀವು" ಎಂದು ದೇವರಾಜು ಕರೆ ಕತ್ತರಿಸಿ, ಫೋನನ್ನು ಸ್ವಿಚ್ ಆಫ್ ಮಾಡಿ, ಸಾಕ್ಷ್ಯವೆಂದು ತಮ್ಮ ಜೇಬಿಗಿಳಿಸಿದರು. ಆಗಲೇ ಓಣಿಯವರೆಲ್ಲ ಗೇಟಿನ ಮುಂದೆ ಸೇರಿದ್ದರು. ಒಬ್ಬರು ಎಟಿಎಂ ಕಾರ್ಡನ್ನು ನೀರಿಗೆ ಹಾಕಿ ಎಂದರು. ಇನ್ನೊಬ್ಬರು ಮೇಷ್ಟ್ರಿಗೆ ಕುಡಿಯಲು ನೀರು ಕೊಟ್ಟರು. ಮೇಷ್ಟ್ರು ವಿವರಿಸಲು ಹೊರಟಾಗಲೆಲ್ಲ "ಪಾಪ, ಇನ್ನೂ ನಂಬಿಕೊಂಡೇ ಇದ್ದಾರೆ" ಎಂದು ಎಲ್ಲರೂ ತಲೆ ಆಡಿಸಿದರು. ಸುದ್ದಿ ಭಾಗಮಂಡಲಕ್ಕೂ ಮುಟ್ಟಿ, ಅಲ್ಲಿಂದ ಮೇಷ್ಟ್ರ ದೊಡ್ಡಮ್ಮ ತುಂಗಕ್ಕನ ಫೋನಿಗೆ ಕರೆ ಮಾಡಿ, ಹೋದದ್ದು ಹೋಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದರು. ತುಂಗಕ್ಕ ಕೊನೆಗೆ ತಮ್ಮನ ಮದುವೆಯ ಆಲ್ಬಂ ತಂದು, ಭಾವಮೈದುನನೆಂಬುದು ನಿಜವೇ ಎಂದು ಸಾಬೀತುಮಾಡಿ, ಗಂಡನ ಫೋನು ಬಿಡಿಸಿಕೊಂಡರು.

ಬೈಸಿಕೊಂಡರೂ ಆದಿತ್ಯ ಒಳ್ಳೆಯವನು. ಓಣಿಯೆಲ್ಲ ಕೇಳಿಸಿಕೊಂಡ ಕೀ ಇನ್ನು ಇಟ್ಟುಕೊಳ್ಳಬಾರದು, ಅದನ್ನು ರದ್ದುಮಾಡಿ ಹೊಸದು ತೆಗೆದುಕೊಳ್ಳಿ ಎಂದ. ಮೇಷ್ಟ್ರು ಹೊಸ ಕೀ ಪಡೆದರು. ಹೊಸ ಫೈಲು, ಮೇಲೆ ಶ್ರೀ, ಕೆಳಗೆ ಕೀ. ಎಂಟರ್. ಅನಧಿಕೃತ.

"ಫೈಲಿನಲ್ಲಿ ಕೀ ಬಿಟ್ಟು ಬೇರೆ ಏನಾದ್ರೂ ಉಂಟಾ ಭಾವ?"

"ಏನೂ ಇಲ್ಲ ಮಾರಾಯ. ಖಾಲಿ ಹಾಳೆ, ಅದರಲ್ಲಿ ಕೀ."

ಅವರು ಸುಳ್ಳು ಹೇಳುವವರಲ್ಲ. ಬೇಕಾದರೆ ನೋಡು ಎಂದು ಪರದೆಯ ಫೋಟೋ ತೆಗೆದು ಕಳಿಸಿದರು. ಆದಿತ್ಯ ಅಕ್ಷರ ಅಕ್ಷರ ನೋಡಿ, ಎಲ್ಲ ಸರಿಯಿದೆ ಎಂದ. ನನ್ನನ್ನೂ ಕರೆದು ತೋರಿಸಿದರು. ನಾನೂ ಕನ್ನಡಕ ಏರಿಸಿ ನೋಡಿದೆ. ಸರಿಯಾಗಿಯೇ ಇತ್ತು.

ಮರುದಿನ ಶಾಲೆಯಲ್ಲಿ ಸುದ್ದಿ ಕೇಳಿದ ಚನ್ನಬಸಮ್ಮ ಸಮಸ್ಯೆಯನ್ನು ಇಲಾಖೆಯ ರೀತಿಯಲ್ಲಿ ಬಗೆಹರಿಸಲು ಹೊರಟರು.

"ಅನಧಿಕೃತ ಅಂದ್ರ ಏನ್ರಿ ಅರ್ಥ? ಕಾಗದಪತ್ರ ಇಲ್ಲ ಅಂತ ಅರ್ಥ. ನಾ ಕೊಡ್ತೀನಿ ತಗೋರಿ."

"ಸದರಿ ಗೋಪಿನಾಥ ಇವರು ಈ ಶಾಲೆಯ ಅಧಿಕೃತ ಶಿಕ್ಷಕರಿದ್ದು, ಇವರಿಗೆ ಎಐ ಉಪಕರಣವನ್ನು ಬಳಸಲು ಅನುಮತಿಸಬಹುದೆಂದು ದೃಢೀಕರಿಸಲಾಗಿದೆ" ಎಂದು ಬರೆದು, ಸಹಿ ಹಾಕಿ, ಅದರ ಮೇಲೆ ದುಂಡು ಮೊಹರು ಒತ್ತಿದರು. ಮೇಷ್ಟ್ರು ಅದನ್ನು ಸ್ಕ್ಯಾನ್ ಮಾಡಿಸಿ ಕೀ ಇದ್ದ ಫೈಲಿನ ಪಕ್ಕದಲ್ಲೇ ಇಟ್ಟರು. ಬ್ಯಾಂಕಿನವರು, ತಾಲ್ಲೂಕು ಕಚೇರಿಯವರು, ಪಾಸ್‌ಪೋರ್ಟಿನವರು ಬಗ್ಗುವ ಮೊಹರು ಅದು. ಉಪಕರಣ ಬಗ್ಗಲಿಲ್ಲ. ತುಂಗಕ್ಕ ಲ್ಯಾಪ್‌ಟಾಪಿಗೆ ದೃಷ್ಟಿ ತೆಗೆದು ನಿಂಬೆಹಣ್ಣು ಒಂದನ್ನು ಹೋಳು ಮಾಡಿದರು. ಅದಕ್ಕೂ ಬಗ್ಗಲಿಲ್ಲ.

ಶುಕ್ರವಾರ ಬಸ್ಸಿನಲ್ಲಿ ನಾನು ಹೇಳಿದೆ, "ಜ್ವರ ಅಂತ ಒಂದು ಫೋನ್ ಮಾಡಿಬಿಡಿ ಸಾರ್. ಯಾರೂ ತಪ್ಪು ತಿಳಿಯೋದಿಲ್ಲ."

ಅವರು ಕಿಟಕಿಯ ಆಚೆ ಕಾಫಿ ತೋಟ ನೋಡುತ್ತಾ ಕುಳಿತಿದ್ದರು. "ಜ್ವರ ಅಂದರೆ ನಂಬುತ್ತಾರೆ ಮೇಡಂ. ಆದರೆ ಮುಂದಿನ ಸಲ ಮತ್ತೆ ಪ್ರಾರ್ಥನೆಗೇ ಕರೆಯುತ್ತಾರೆ."

ನನಗೆ ನಿಜವಾಗಿಯೂ ಸಂಕಟವಾಯಿತು. ನಮ್ಮ ಮನೆಯ ನೆಟ್‌ವರ್ಕೇ ಸರಿಯಿಲ್ಲ, ಪೊನ್ನಂಪೇಟೆಯಲ್ಲಿ ಎಲ್ಲ ಸರಿಹೋದೀತು ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಶನಿವಾರ ಅವರಿಗೆ ಧೈರ್ಯಕ್ಕಿರಲಿ ಎಂದು ನಾನೂ ಹೋದೆ. ಕಾಲೇಜೊಂದರ ಕಂಪ್ಯೂಟರ್ ಕೋಣೆಯ ತುಂಬ ಮೇಷ್ಟ್ರುಗಳು. ಮಕ್ಕಳಿಗೆ ಶಿಸ್ತು ಕಲಿಸುವವರನ್ನು ಒಮ್ಮೆ ಮಕ್ಕಳ ಜಾಗದಲ್ಲಿ ಕೂರಿಸಿ ನೋಡಬೇಕು. ಇಬ್ಬರು ಕೋಡುಬಳೆ ತಿನ್ನುತ್ತಿದ್ದರು, ಒಬ್ಬರು ಊಟ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಕೊನೆಯ ಸಾಲಿನಲ್ಲಿ ಮಾಕುಟ್ಟದ ಕಡೆಯ ಶಾಲೆಯ ಪಿ.ಟಿ. ಮಾಸ್ಟರ್ ನಾಣಯ್ಯ ಕುಳಿತಲ್ಲೇ ನಿದ್ದೆ ಹೋಗಿದ್ದರು. ಅವರ ಶಾಲೆಯಲ್ಲಿ ಪುರುಸೊತ್ತಿದ್ದವರು ಅವರೊಬ್ಬರೇ ಎಂದು ಕಳಿಸಿದ್ದರಂತೆ.

ಉದ್ಘಾಟನೆ ಶಿಕ್ಷಣಾಧಿಕಾರಿ ಪರಮೇಶಪ್ಪನವರದು. "ಇವತ್ತು ಕನ್ನಡ ಮೇಷ್ಟ್ರೊಬ್ಬರು ನಮಗೆ ಎಐ ಹೇಳಿಕೊಡ್ತಾರಂತೆ. ಏನೇನು ನೋಡಬೇಕೋ ಈ ಸರ್ವೀಸಿನಲ್ಲಿ" ಎಂದರು. ಕೋಣೆ ನಕ್ಕಿತು. ಮೇಷ್ಟ್ರೂ ನಕ್ಕರು, ಆದರೆ ಅವರ ಕೈಯ ಸೀಮೆಸುಣ್ಣ ಎರಡು ತುಂಡಾಯಿತು. ಕಂಪ್ಯೂಟರ್ ಪಾಠಕ್ಕೂ ಅವರು ಸೀಮೆಸುಣ್ಣ ಹಿಡಿದೇ ನಿಂತಿದ್ದರು.

ಪಾಠವೇನೋ ಚೆನ್ನಾಗಿ ಮಾಡಿದರು. ಎಲ್ಲರಿಗೂ ವೆಬ್‌ಸೈಟಿನಿಂದ ಅವರವರ ಕೀ ಕೊಡಿಸಿದರು. ದೊಡ್ಡ ಪರದೆಯ ಮೇಲೆ ಹೊಸ ಫೈಲು ತೆರೆದು, ಹೇಗೆ ಬರೆಯಬೇಕೆಂದು ತಾವೇ ಬರೆದು ತೋರಿಸಿದರು. ಬೋರ್ಡಿನ ಮೇಲಿದ್ದುದನ್ನು ಇದ್ದ ಹಾಗೇ ಇಳಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ ಹೇಳಿ ರೂಢಿಯಾದವರು ಎಲ್ಲರೂ. ಇಳಿಸಿಕೊಂಡರು.

"ಈಗ ಎಲ್ಲರೂ ಒಟ್ಟಿಗೆ ಎಂಟರ್ ಒತ್ತಿ" ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡು.

ಒತ್ತಿದರು. ಕೋಣೆಯ ತುಂಬ ಕೆಂಪು ಅಕ್ಷರ. ಗಣಿತದವರು ಅನಧಿಕೃತ, ವಿಜ್ಞಾನದವರು ಅನಧಿಕೃತ, ಹಿಂದಿ ಮೇಡಂ ಅನಧಿಕೃತ. ಮುಂದಿನ ಸಾಲಿನಲ್ಲಿ ಪರಮೇಶಪ್ಪನವರು ತಮ್ಮ ಪರದೆಯನ್ನು ನೋಡಿ ಎದ್ದೇ ನಿಂತರು.

"ನಾನು ಗೆಜೆಟೆಡ್ ಅಧಿಕಾರಿ. ನನಗೇ ಅನಧಿಕೃತ ಅಂದ್ರೆ ಏನರ್ಥ?"

"ಕಾಗದಪತ್ರ ಇಲ್ಲ ಅಂತ ಸಾರ್" ಎಂದು ಮೇಷ್ಟ್ರ ಬಾಯಿಂದ ತನಗೆ ತಾನೇ ಬಂತು. ಬಂದ ಮೇಲೆ ಬೇರೆ ದಾರಿ ಕಾಣದೆ, ಚನ್ನಬಸಮ್ಮನವರ ದೃಢೀಕರಣ ಪತ್ರವನ್ನು ಚೀಲದಿಂದ ತೆಗೆದುಕೊಟ್ಟರು. ಪರಮೇಶಪ್ಪನವರು ಅದನ್ನು ಗಂಭೀರವಾಗಿ ಓದಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಹಾಜರಿರುವ ಎಲ್ಲರಿಗೂ ಸೇರಿಸಿ ಒಂದೇ ಆದೇಶ ಹೊರಡಿಸಿದರೆ ಸಾಕೇ, ಅಥವಾ ಬಿಡಿಬಿಡಿಯಾಗಿ ಬೇಕೇ ಎಂದು ಯೋಚಿಸತೊಡಗಿದರು. ಅಷ್ಟರಲ್ಲಿ ಕೊನೆಯ ಸಾಲಿನಿಂದ ಯಾರೋ ವಾದ ಮಾಡುವ ಸದ್ದು ಕೇಳಿಸಿತು.

ನಾಣಯ್ಯ. ಕಂಪ್ಯೂಟರಿನ ಜೊತೆ.

"ಇದಕ್ಕೆ ಹಾಕಿ ಗೊತ್ತುಂಟು ಸಾರ್" ಎಂದರು ತಲೆ ಎತ್ತಿ. "ಪೆನಾಲ್ಟಿ ಕಾರ್ನರಿನ ವಿಷಯದಲ್ಲಿ ಮಾತ್ರ ಸ್ವಲ್ಪ ತಪ್ಪು ಹೇಳ್ತದೆ."

ಕೋಣೆಗೆ ಕೋಣೆಯೇ ಹಿಂದಕ್ಕೆ ಹರಿಯಿತು. ನಾಣಯ್ಯನವರ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲು ಸಾಲಾಗಿ ಇಳಿಯುತ್ತಿದ್ದವು.

"ಏನು ಮಾಡಿದಿರಿ ನೀವು?" ಎಂದು ಗೋಪಿನಾಥ ಮೇಷ್ಟ್ರು ಕೇಳಿದರು.

"ಎಂಥದೂ ಮಾಡಿಲ್ಲ ಸಾರ್. ಕೀ ತಕೊಂಡು ಒಂದು ಚೂರು ಕಣ್ಣು ಹತ್ತಿತು. ಎದ್ದು ನೋಡುವಾಗ ಎಲ್ಲರೂ ಎಂಟರ್ ಒತ್ತಲಿಕ್ಕೆ ಹೊರಟಿದ್ರಿ. ಅವಸರದಲ್ಲಿ ಕೀ ಅಂಟಿಸಿ ನಾನೂ ಒತ್ತಿದೆ."

ಮೇಷ್ಟ್ರು ಬಗ್ಗಿ ಆ ಫೈಲನ್ನು ತೆರೆದು ನೋಡಿದರು. ಉತ್ತರಪತ್ರಿಕೆ ನೋಡುವಾಗಿನ ಮುಖವೇ ಬಂತು. "ಏನ್ರೀ ಇದು, ಹೊಸ ಹಾಳೆ, ಮೇಲೊಂದು ಶ್ರೀ ಕೂಡ ಬರೆದಿಲ್ಲ. ನೀವೇ ಹೀಗಾದರೆ ಮಕ್ಕಳು ಏನು ಕಲಿಯಬೇಕು" ಎಂದವರೇ, ತಪ್ಪು ಕಂಡಲ್ಲಿ ತಿದ್ದುವ ಕೈ ಅಲ್ಲವೇ, ತಾವೇ ಮೇಲ್ಗಡೆ ಅಂದವಾಗಿ ಶ್ರೀ ಬರೆದು ಉಳಿಸಿಬಿಟ್ಟರು.

ನಾಣಯ್ಯ ಹಾಕಿಯ ಮುಂದಿನ ಪ್ರಶ್ನೆ ಕೇಳಿದರು. ಎರರ್ 401. ಅನ್‌ಆಥರೈಸ್ಡ್.

ಜಿಲ್ಲೆಯಲ್ಲಿ ನಡೆಯುತ್ತಿದ್ದ ಒಂದೇ ಒಂದು ಯಂತ್ರವನ್ನೂ ಮೇಷ್ಟ್ರು ನಿಲ್ಲಿಸಿದ್ದರು. ಮೇಷ್ಟ್ರು ತಾವು ಬರೆದ ಶ್ರೀಯನ್ನೂ, ಅದರ ಕೆಳಗಿನ ಕೀಯನ್ನೂ ದಿಟ್ಟಿಸಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನನಗೂ ಅದೇ ಕ್ಷಣ ಹೊಳೆಯಿತು. ಮನೆಯಲ್ಲಿ ಆ ಫೈಲನ್ನು ನಾನು ನೋಡಿದ್ದೆ, ಆದಿತ್ಯ ನೋಡಿದ್ದ, ತುಂಗಕ್ಕ ನೋಡಿದ್ದರು. ಹುಟ್ಟಿದಾಗಿನಿಂದ ಎಲ್ಲ ಹಾಳೆಯ ಮೇಲೂ ಇರುವ ಅಕ್ಷರ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಪಕರಣ ಮಾತ್ರ ಅದನ್ನೂ ಕೀಯ ಭಾಗವೆಂದೇ ಓದಿಕೊಂಡು, ಇಂಥವರು ಯಾರೂ ನನಗೆ ಗೊತ್ತಿಲ್ಲ ಎನ್ನುತ್ತಿತ್ತು.

"ಮೇಲೆ ಏನೂ ಇರಬಾರದು" ಎಂದರು ಮೇಷ್ಟ್ರು. "ಕೀ ಮಾತ್ರ ಇರಬೇಕು."

ಎಲ್ಲರೂ ತಂತಮ್ಮ ಫೈಲು ನೋಡಿಕೊಂಡರು. ದೊಡ್ಡ ಪರದೆಯ ಶ್ರೀಯನ್ನು ಹೆಚ್ಚಿನವರು ಇದ್ದ ಹಾಗೇ ಇಳಿಸಿದ್ದರು. ಉಳಿದವರು ಅದನ್ನು ತಮ್ಮ ಮನೆಯ ರೂಢಿಗೆ ಹೊಂದಿಸಿಕೊಂಡಿದ್ದರು. ಒಬ್ಬರು ಕೊಡವರ ದೇವರು ಇಗ್ಗುತಪ್ಪನನ್ನು ಬರೆದಿದ್ದರು, ಉರ್ದು ಶಾಲೆಯ ಮೇಷ್ಟ್ರು ೭೮೬ ಬರೆದಿದ್ದರು, ಕಾನ್ವೆಂಟಿನ ಟೀಚರೊಬ್ಬರು ಪುಟ್ಟ ಶಿಲುಬೆ ಹಾಕಿದ್ದರು. ಪರಮೇಶಪ್ಪನವರದು "ಶ್ರೀ ವೀರಭದ್ರೇಶ್ವರ ಪ್ರಸನ್ನ" ಎಂದು ಪೂರ್ತಿ ಒಂದು ಸಾಲು. ಉಪಕರಣ ಯಾವ ಭೇದವನ್ನೂ ಮಾಡದೆ ಎಲ್ಲರನ್ನೂ ಹೊರಗೆ ನಿಲ್ಲಿಸಿತ್ತು.

"ಅಳಿಸಿ ಮತ್ತೆ" ಎಂದರು ನಾಣಯ್ಯ.

ಅಳಿಸುವವರು ಯಾರು? ಒಬ್ಬರ ಬೆರಳೂ ಬ್ಯಾಕ್‌ಸ್ಪೇಸಿನತ್ತ ಹೋಗಲಿಲ್ಲ. ಮೊದಲು ನೀವು ಎಂದು ಪಕ್ಕದವರಿಗೆ ಉಪಚಾರ ಮಾಡುತ್ತಾ ಕುಳಿತರು. "ಮನೆದೇವರ ಹೆಸರು ಕಣ್ರೀ" ಎಂದರು ಪರಮೇಶಪ್ಪನವರು, ಅಧಿಕಾರವೆಲ್ಲ ಇಳಿದ ದನಿಯಲ್ಲಿ. "ಬರೆದದ್ದನ್ನ ಕೈಯಾರೆ ಅಳಿಸು ಅಂದ್ರೆ ಹೇಗೆ? ಮನೇಲಿ ಕೇಳಿದ್ರೆ ಏನು ಹೇಳಲಿ?"

ಎಲ್ಲರೂ ಗೋಪಿನಾಥ ಮೇಷ್ಟ್ರನ್ನು ನೋಡಿದರು. ಅವರು ಒಂದು ಸಲ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದರು. ಆಮೇಲೆ ಸೀಮೆಸುಣ್ಣದ ತುಂಡು ಹಿಡಿದು ಬೋರ್ಡಿನ ಬಳಿಗೆ ಹೋದರು.

"ಯಾರೂ ಏನನ್ನೂ ಅಳಿಸಬೇಡಿ. ಶ್ರೀಯನ್ನು ಎಲ್ಲಿ ಬರೆಯುತ್ತೇವೆ? ಮೇಲೆ. ಕಾಗದದಲ್ಲಿ ಮೇಲೆ ಅಂದರೆ ಹಾಳೆಯ ತಲೆ. ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಏನಿರುತ್ತದೆ? ಫೋಲ್ಡರ್ ಇರುತ್ತದೆ. ಒಂದು ಹೊಸ ಫೋಲ್ಡರ್ ಮಾಡಿ, ಅದಕ್ಕೆ ನಿಮ್ಮ ನಿಮ್ಮ ದೇವರ ಹೆಸರಿಡಿ. ಬರೆದಾಗಿರುವ ಫೈಲು ಹಾಗೇ ಅದರೊಳಗೆ ಇರಲಿ. ಪಕ್ಕದಲ್ಲಿ ಇನ್ನೊಂದು ಫೈಲು ಮಾಡಿ, ಅದರಲ್ಲಿ ಬರೀ ಕೀ ಇಡಿ. ದೇವರು ಮೇಲೆ, ಕೀ ಕೆಳಗೆ. ಉಪಕರಣಕ್ಕೆ ದಾರಿ ಹೇಳುವಾಗ ಮೊದಲು ದೇವರ ಹೆಸರೇ ಬಂತಲ್ಲ."

ಪರಮೇಶಪ್ಪನವರು "ಸರಿಯಾಗಿದೆ" ಎಂದರು. ಅವರು ಫೋಲ್ಡರಿಗೆ ವೀರಭದ್ರೇಶ್ವರನ ಹೆಸರಿಟ್ಟು ಎಂಟರ್ ಒತ್ತಿದರು. ಬಿಳಿ ಅಕ್ಷರ ಬಂತು. ಒಂದೊಂದೇ ಸಾಲಿನಲ್ಲಿ ಕೆಂಪು ಮಾಯವಾಗುತ್ತಾ ಹೋಯಿತು, ಮೇಷ್ಟ್ರುಗಳೆಲ್ಲ ಅಧಿಕೃತರಾದರು. ಗೋಪಿನಾಥ ಮೇಷ್ಟ್ರು ದೊಡ್ಡ ಪರದೆಯಲ್ಲಿ ಅದಕ್ಕೆ ಕನ್ನಡದಲ್ಲಿ ಪ್ರಶ್ನೆ ಕೊಟ್ಟರು. ಬಂದ ಉತ್ತರದಲ್ಲಿ ಒತ್ತಕ್ಷರದ ತಪ್ಪು ಹುಡುಕಿ, ಹತ್ತಕ್ಕೆ ಏಳು ಅಂಕ ಕೊಟ್ಟರು. ಈ ಸಲ ಕೋಣೆ ನಕ್ಕದ್ದು ಅವರ ಜೊತೆಗೆ.

ಕೊನೆಗೆ ನಿರೂಪಕರು ವಂದನಾರ್ಪಣೆ ಎಂದು ಘೋಷಿಸಿದರು. ಅದರ ಮುಂದೆ ಯಾರ ಹೆಸರನ್ನೂ ಹಾಕಿರಲಿಲ್ಲ, ಹಾಕುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಎಲ್ಲರ ಕಣ್ಣೂ ರೂಢಿಯಂತೆ ಗೋಪಿನಾಥ ಮೇಷ್ಟ್ರತ್ತ ತಿರುಗಿದವು. ಅವರೂ ರೂಢಿಯಂತೆ ಅರ್ಧ ಎದ್ದರು.

"ನೀವು ಕೂತ್ಕೊಳ್ಳಿ ಮೇಷ್ಟ್ರೇ" ಎಂದರು ಪರಮೇಶಪ್ಪನವರು. "ಇವತ್ತು ಪಾಠ ಮಾಡಿದವರು ನೀವು. ನಿಮಗೆ ನೀವೇ ವಂದನೆ ಹೇಳ್ಕೊಂಡ್ರೆ ಚೆನ್ನಾಗಿರೋದಿಲ್ಲ. ನಾಣಯ್ಯ, ಬನ್ನಿ ಇಲ್ಲಿ."

ನಾಣಯ್ಯ ಜೀವಮಾನದಲ್ಲಿ ಭಾಷಣ ಮಾಡಿದವರಲ್ಲ. ಮುಂದೆ ಬಂದು ಎದೆ ಸೆಟೆಸಿ ನಿಂತರು.

"ಸಾವಧಾನ್."

ಕೋಣೆಯ ಮೇಷ್ಟ್ರುಗಳೆಲ್ಲ ಎದ್ದು ನೆಟ್ಟಗೆ ನಿಂತರು. ಪರಮೇಶಪ್ಪನವರೂ ನಿಂತರು.

"ಗೋಪಿನಾಥ ಸಾರಿಗೆ ವಂದನೆ" ಎಂದರು ನಾಣಯ್ಯ. ಮುಂದೇನು ಹೇಳಬೇಕೆಂದು ಸ್ವಲ್ಪ ಹೊತ್ತು ಹುಡುಕಿದರು, ಸಿಗಲಿಲ್ಲ. "ವಿಸರ್ಜನ್."

ವಾಪಸು ಬರುವಾಗ ಗೋಣಿಕೊಪ್ಪ ದಾಟುವವರೆಗೂ ಮೇಷ್ಟ್ರು ಜೇಬಿನ ಆದೇಶದ ಹಾಳೆಯನ್ನು ತೆಗೆದು ತೆಗೆದು ನೋಡಿದರು. ಆಮೇಲೆ ಹೇಳಿದರು.

"ವಂದನಾರ್ಪಣೆ ತೀರಾ ಚಿಕ್ಕದಾಯಿತು ಮೇಡಂ. ಮೈಕಿನವರನ್ನು ಬಿಟ್ಟರು. ಊಟ ಬಡಿಸಿದವರನ್ನು ಬಿಟ್ಟರು. ಅಧ್ಯಕ್ಷರನ್ನೇ ಬಿಟ್ಟುಬಿಟ್ಟರು."

"ನಿಮ್ಮನ್ನು ಬಿಡಲಿಲ್ಲವಲ್ಲ ಸಾರ್."

"ಅದೊಂದು ಸರಿಯಾಗಿತ್ತು" ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮಡಿಕೇರಿ ಬರುವವರೆಗೂ ಒರೆಸುತ್ತಲೇ ಇದ್ದರು.